‘ಡ್ಯೂಸ್’ ಎಂಬ ಶಬ್ದ: ಅದರ ಅರ್ಥ ಮತ್ತು ಪ್ರಯೋಗ

ಅಂತಿಮ ಪರೀಕ್ಷೆಯ ಪ್ರವೇಶಪತ್ರವನ್ನು ಪಡೆಯುವ ಕಾಲ ಬಂದಿತೆಂದರೆ ನಮ್ಮ ಕಾಲೇಜಿನ ಜಗಲಿಯಲ್ಲಿ ಒಂದು ಇಂಗ್ಲೀಷ್ ಮಾತು ಎಲ್ಲರ ಬಾಯಲ್ಲಿಯೂ ಕೇಳಿಬರುತ್ತದೆ. ಅದು ‘ನೋ ಡ್ಯೂಸ್’ ಎಂಬ ಮಾತು. ಗ್ರಂಥಾಲಯದಲ್ಲಿ ಒಂದು ಸಹಿ, ಕ್ರೀಡಾ ವಿಭಾಗದಲ್ಲಿ ಒಂದು ಸಹಿ, ಕಚೇರಿಯಲ್ಲಿ ಒಂದು ಸಹಿ. ಹೀಗೆ ಚೀಟಿಯನ್ನು ಕೈಯಲ್ಲಿ ಹಿಡಿದು ನಾವೆಲ್ಲರೂ ಬಾಗಿಲಿನಿಂದ ಬಾಗಿಲಿಗೆ ತಿರುಗುತ್ತೇವೆ. ಈ ಮಾತಿನ ಅರ್ಥವೇನೆಂದು ಯಾರನ್ನಾದರೂ ಕೇಳಿದರೆ, “ನಾವು ಕಾಲೇಜಿಗೆ ಏನನ್ನೂ ಕೊಡಬೇಕಾಗಿಲ್ಲ ಎಂದರ್ಥ” ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯದೆ ಹೋದುದರಿಂದ ನಮ್ಮ ಮನೆಗೆ ಒಮ್ಮೆ ನಷ್ಟವಾಯಿತು. ಆ ನಷ್ಟಕ್ಕೆ ಕಾರಣನಾದ ಪಂಡಿತ ನಾನೇ. ಆದುದರಿಂದ ಈ ಚಿಕ್ಕ ಶಬ್ದವನ್ನು ಕುರಿತು ನಾನು ಕಲಿತಷ್ಟನ್ನು ಸಹಪಾಠಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ‘ಡ್ಯೂ’ ಎಂಬುದು ಇಂಗ್ಲೀಷಿಗೆ ಹಳೆಯ ಫ್ರೆಂಚ್ ಭಾಷೆಯಿಂದ ಬಂದದ್ದು. ಫ್ರೆಂಚಿಗೆ ಲ್ಯಾಟಿನ್ನಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಅದರ ಮೂಲಧಾತು ‘ಡೆಬೇರೆ’. ಇದು ‘ಡೆ’ ಮತ್ತು ‘ಹಬೇರೆ’ ಎಂಬ ಎರಡು ಪದಗಳು ಕೂಡಿ ಆದ ರೂಪ. ‘ಹಬೇರೆ’ ಎಂದರೆ ಇಟ್ಟುಕೊಂಡಿರುವುದು. ‘ಡೆ’ ಎಂದರೆ ‘ಇಂದ’. ಒಟ್ಟಿನಲ್ಲಿ, ಇನ್ನೊಬ್ಬರಿಂದ ಬಂದದ್ದನ್ನು ತನ್ನ ಬಳಿ ಇಟ್ಟುಕೊಂಡಿರುವುದು ಎಂದಾಯಿತು. ಸಾಲವೆಂದರೆ ಇಷ್ಟೇ ಅಲ್ಲವೆ? ಇನ್ನೊಬ್ಬರ ವಸ್ತು ನಮ್ಮ ಮನೆಯಲ್ಲಿ ಕುಳಿತಿರುವುದೇ ಸಾಲ.

ಇದೇ ಧಾತುವಿನಿಂದ ಹುಟ್ಟಿದ ಒಡಹುಟ್ಟುಗಳು ಹಲವು. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಕಾಣುವ ‘ಡೆಬಿಟ್’, ಸಾಲವೆಂಬ ಅರ್ಥದ ‘ಡೆಟ್’, ಕರ್ತವ್ಯವೆಂಬ ಅರ್ಥದ ‘ಡ್ಯೂಟಿ’, ಇವೆಲ್ಲ ಒಂದೇ ತಾಯಿಯ ಮಕ್ಕಳು. ‘ಡೆಟ್’ ಎಂಬುದರ ಕಾಗುಣಿತದಲ್ಲಿ ಉಚ್ಚಾರವಿಲ್ಲದ ‘ಬಿ’ ಅಕ್ಷರವೊಂದು ಅಡಗಿ ಕುಳಿತು ನಮ್ಮ ಅಂಕಗಳನ್ನು ಕಡಿಮೆ ಮಾಡುವುದು ಎಲ್ಲರಿಗೂ ಅನುಭವವುಂಟು. ಮಧ್ಯಯುಗದ ಇಂಗ್ಲೀಷಿನಲ್ಲಿ ಆ ಅಕ್ಷರ ಇರಲಿಲ್ಲ. ಮುಂದೆ ವಿದ್ವಾಂಸರು ಲ್ಯಾಟಿನ್ ಮೂಲವನ್ನು ತೋರಿಸುವ ಉತ್ಸಾಹದಿಂದ ಅದನ್ನು ಸೇರಿಸಿದರು. ಅವರ ಪಾಂಡಿತ್ಯದ ಬಾಕಿಯನ್ನು ನಾವು ಇಂದಿಗೂ ತೀರಿಸುತ್ತಿದ್ದೇವೆ.

‘ಡ್ಯೂ’ ಮತ್ತು ‘ಡ್ಯೂಟಿ’ ಒಂದೇ ಕುಲದವೆಂಬುದು ಬಹಳ ಅರ್ಥವುಳ್ಳ ಸಂಗತಿ. ಕೊಡತಕ್ಕ ಹಣ ಮತ್ತು ಮಾಡತಕ್ಕ ಕೆಲಸ ಇವೆರಡನ್ನೂ ಆ ಜನರು ಒಂದೇ ಬಗೆಯ ಹೊರೆಯೆಂದು ಎಣಿಸಿದರು. ಇಂಗ್ಲೀಷಿನ ಸ್ವಂತ ಶಬ್ದವಾದ ‘ಓ’, ಎಂದರೆ ಸಾಲವಿರುವುದು, ಇದರ ಹಳೆಯ ಭೂತಕಾಲದ ರೂಪವೇ ‘ಆಟ್’. ‘ನೀನು ಹೀಗೆ ಮಾಡಬೇಕು’ ಎಂದು ಬುದ್ಧಿ ಹೇಳುವಾಗ ಬಳಸುವ ಅದೇ ‘ಆಟ್’! ಇದು ಪರದೇಶದ ಜನರ ವಿಚಿತ್ರ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ನಮ್ಮ ನೆರೆಯ ತಮಿಳಿನಲ್ಲಿ ‘ಕಡನ್’ ಎಂದರೆ ಸಾಲ, ‘ಕಡಮೈ’ ಎಂದರೆ ಕರ್ತವ್ಯ. ಕನ್ನಡದಲ್ಲಿಯೂ ‘ಕಡ’ ಎಂಬ ಮಾತುಂಟು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯನ್ನು ಕಡ ತರುವ ಪದ್ಧತಿ ನಮ್ಮ ವಠಾರದಲ್ಲಿ ಇನ್ನೂ ಅಳಿದಿಲ್ಲ. ಸಂಸ್ಕೃತದ ‘ಋಣ’ವೂ ಹಣದಲ್ಲಿ ಮಾತ್ರ ನಿಲ್ಲುವುದಿಲ್ಲ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಂದಿಗೆ ಹುಟ್ಟುತ್ತಾನೆಂಬ ಭಾವನೆ ವೇದಕಾಲದಷ್ಟು ಹಳೆಯದು. ಅನ್ನದ ಋಣ, ಉಪ್ಪಿನ ಋಣ, ಮಣ್ಣಿನ ಋಣಗಳು ನಮ್ಮ ಆಡುಮಾತಿನಲ್ಲಿಯೇ ಇವೆ.

ಹಾಗಾದರೆ ‘ಡ್ಯೂ’ ಎಂಬುದಕ್ಕೆ ಸರಿಯಾದ ಕನ್ನಡ ಮಾತು ಯಾವುದು? ಸಾಮಾನ್ಯವಾಗಿ ‘ಬಾಕಿ’ ಎನ್ನುತ್ತೇವೆ. ಇದು ಅರಬ್ಬೀ ಮೂಲದ ಶಬ್ದ; ‘ಉಳಿದದ್ದು’ ಎಂದು ಅದರ ಅರ್ಥ. ಜಮಾ, ವಸೂಲಿ, ಖರ್ಚು ಮೊದಲಾದ ಲೆಕ್ಕದ ಮಾತುಗಳಂತೆ ಇದೂ ಹಳೆಯ ಸರ್ಕಾರಿ ಕಚೇರಿಗಳ ದಾರಿಯಿಂದ ಕನ್ನಡಕ್ಕೆ ಬಂದು ಮನೆಮಾತಾಯಿತು. ಪಂಚಾಯಿತಿಗಳ ತೆರಿಗೆಯ ಲೆಕ್ಕದಲ್ಲಿ ಇಂದಿಗೂ ‘ಬೇಡಿಕೆ, ವಸೂಲಿ, ಬಾಕಿ’ ಎಂಬ ಮೂರು ಅಂಕಣಗಳಿರುತ್ತವೆ. ಆದರೆ ಬಾಕಿಯೆಂದರೆ ವಸೂಲಾದ ಮೇಲೆ ಉಳಿದದ್ದು. ‘ಡ್ಯೂ’ ಎಂಬುದರ ವ್ಯಾಪ್ತಿ ಅದಕ್ಕಿಂತ ದೊಡ್ಡದು. ನನ್ನ ಮಟ್ಟಿಗೆ ‘ಸಲ್ಲತಕ್ಕದ್ದು’ ಎಂಬ ಅಚ್ಚಗನ್ನಡದ ಮಾತೇ ಅದಕ್ಕೆ ಅತ್ಯಂತ ಹತ್ತಿರವಾದದ್ದು. ಹಣವೂ ಸಲ್ಲಬಹುದು, ಗೌರವವೂ ಸಲ್ಲಬಹುದು, ಶಿಕ್ಷೆಯೂ ಸಲ್ಲಬಹುದು. ಇಂಗ್ಲೀಷಿನ ‘ಡ್ಯೂ’ ಮಾಡುವ ಕೆಲಸವೆಲ್ಲವನ್ನೂ ನಮ್ಮ ‘ಸಲ್ಲು’ ಧಾತು ಮಾಡಬಲ್ಲದು.

ಇನ್ನು ಪ್ರಯೋಗವನ್ನು ನೋಡೋಣ. ವಿದ್ಯಾರ್ಥಿಗಳು ಬರೆಯುವ ರಜೆಯ ಅರ್ಜಿಯೊಂದೇ ಇದಕ್ಕೆ ಸಾಕಾದ ಪಾಠವಾಗಿದೆ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಅರ್ಜಿ ಪ್ರಾರಂಭವಾಗುತ್ತದೆ. ಎಂದರೆ ತಮಗೆ ಸಲ್ಲತಕ್ಕ ಗೌರವದೊಂದಿಗೆ. ಎರಡನೆಯ ಸಾಲಿನಲ್ಲಿ ‘ಡ್ಯೂ ಟು ಫೀವರ್’ ಎಂದಿರುತ್ತದೆ. ಎಂದರೆ ಜ್ವರದ ಕಾರಣದಿಂದ. ಮೊದಲನೆಯದು ಗುಣವಾಚಕ, ‘ತಕ್ಕ, ಯುಕ್ತವಾದ’ ಎಂದು ಅದರ ಅರ್ಥ. ಎರಡನೆಯದು ಕಾರಣವನ್ನು ಹೇಳತಕ್ಕದ್ದು. ಈ ‘ಡ್ಯೂ ಟು’ ಎಂಬುದನ್ನು ವಾಕ್ಯದ ಆರಂಭದಲ್ಲಿ ಇಡಬಾರದು, ಅಲ್ಲಿ ‘ಓಯಿಂಗ್ ಟು’ ಎಂದೇ ಬರೆಯಬೇಕು ಎಂದು ಹಿಂದಿನ ವೈಯಾಕರಣರು ಕಟ್ಟುನಿಟ್ಟು ಮಾಡುತ್ತಿದ್ದರು. ಇಂಗ್ಲೀಷ್ ಪ್ರಯೋಗಗಳನ್ನು ಕುರಿತು 1926ರಲ್ಲಿ ಪ್ರಸಿದ್ಧ ನಿಘಂಟನ್ನು ಹೊರತಂದ ಫೌಲರ್ ಅಂಥವರಲ್ಲಿ ಒಬ್ಬರು. ಇಂದು ಆ ಕಟ್ಟು ಸಡಿಲವಾಗಿದೆ. ಆದರೂ ‘ಓಯಿಂಗ್’ ಎಂಬುದರ ಮೂಲವೂ ಸಾಲದ ‘ಓ’ ಎಂಬುದೇ ಆಗಿರುವುದನ್ನು ಗಮನಿಸಬೇಕು. ಜ್ವರವು ಕೊಟ್ಟ ಸಾಲವನ್ನು ನಾವು ಗೈರುಹಾಜರಿಯಿಂದ ತೀರಿಸುತ್ತೇವೆಂದು ಬೇಕಾದರೆ ತಿಳಿಯಬಹುದು.

ಕಾಲವನ್ನು ಕುರಿತು ಹೇಳುವಾಗಲೂ ಈ ಶಬ್ದ ಬರುತ್ತದೆ. ಮೈಸೂರಿನಿಂದ ಬರುವ ರೈಲು ಕೆಂಗೇರಿಗೆ ಎಂಟು ಗಂಟೆಗೆ ‘ಡ್ಯೂ’ ಎಂದರೆ, ಆ ಹೊತ್ತಿಗೆ ಬರತಕ್ಕದ್ದು ಎಂದರ್ಥ. ರೈಲು ಬಾರದಿದ್ದರೆ ಅದು ‘ಓವರ್‌ಡ್ಯೂ’. ಗ್ರಂಥಾಲಯದ ಪುಸ್ತಕದ ಹಿಂದೆ ಅಂಟಿಸಿದ ಚೀಟಿಯಲ್ಲಿ ‘ಡ್ಯೂ ಡೇಟ್’ ಎಂದಿರುತ್ತದೆ. ಆ ದಿನ ಪುಸ್ತಕ ಹಿಂದಿರುಗತಕ್ಕದ್ದು. ಸರ್ಕಾರಿ ಉತ್ತರಗಳಲ್ಲಿ ಬರುವ ‘ಇನ್ ಡ್ಯೂ ಕೋರ್ಸ್’ ಎಂದರೆ ಯಥಾಕಾಲದಲ್ಲಿ. ಆ ಯಥಾಕಾಲ ಯಾವುದೆಂಬುದನ್ನು ಮಾತ್ರ ವ್ಯಾಕರಣ ಹೇಳಲಾರದು.

ನಾಮಪದವಾಗಿ ಏಕವಚನದಲ್ಲಿ ಬಂದಾಗ ಒಬ್ಬನಿಗೆ ನ್ಯಾಯವಾಗಿ ಸಲ್ಲತಕ್ಕ ಪಾಲು ಎಂದರ್ಥ. ಸೈತಾನನಿಗೂ ಅವನಿಗೆ ಸಲ್ಲತಕ್ಕದ್ದನ್ನು ಕೊಡಬೇಕೆಂಬ ಗಾದೆ ಇಂಗ್ಲೀಷಿನಲ್ಲಿದೆ. ಕೆಟ್ಟವನಲ್ಲಿಯೂ ಒಳ್ಳೆಯ ಗುಣವಿದ್ದರೆ ಒಪ್ಪಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಬಹುವಚನದಲ್ಲಿ ‘ಡ್ಯೂಸ್’ ಎಂದಾದಾಗ ಅದು ಸಾಮಾನ್ಯವಾಗಿ ಹಣಕ್ಕೇ ಸಲ್ಲುತ್ತದೆ: ಸಂಘದ ಚಂದಾ, ಕೊಡಬೇಕಾದ ಶುಲ್ಕ, ಬರಬೇಕಾದ ವೇತನ.

‘ಡ್ಯೂಸ್’ ಮತ್ತು ‘ಅರಿಯರ್ಸ್’ ಇವೆರಡಕ್ಕೂ ಭೇದವುಂಟು. ಅರಿಯರ್ಸ್ ಎಂಬುದು ‘ಹಿಂದಕ್ಕೆ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ದಿನ ಬಂದಾಗ ಹಣವು ಡ್ಯೂ ಆಗುತ್ತದೆ. ದಿನ ಕಳೆದ ಮೇಲೂ ಕೊಡದೆ ಹಿಂದೆ ಬಿದ್ದರೆ ಅರಿಯರ್ಸ್ ಆಗುತ್ತದೆ. ತಮಿಳುನಾಡಿನ ಕಾಲೇಜುಗಳಲ್ಲಿ ತೇರ್ಗಡೆಯಾಗದೆ ಉಳಿದ ಪತ್ರಿಕೆಗೂ ‘ಅರಿಯರ್’ ಎಂದೇ ಹೆಸರು; ನಮ್ಮಲ್ಲಿ ‘ಬ್ಯಾಕ್‌ಲಾಗ್’ ಎನ್ನುತ್ತಾರೆ. ಹೆಸರು ಬೇರೆ, ದುಃಖ ಒಂದೇ. ಮನೆಯ ತೆರಿಗೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಈ ವರ್ಷದ ತೆರಿಗೆ ಡ್ಯೂಸ್; ಹಿಂದಿನ ವರ್ಷಗಳದು ಅರಿಯರ್ಸ್. 2024ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹಳೆಯ ಬಾಕಿದಾರರಿಗೆ ಬಡ್ಡಿಯನ್ನು ಮನ್ನಾ ಮಾಡಿ ಒಮ್ಮೆಲೇ ತೀರಿಸುವ ಅವಕಾಶವನ್ನು ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳಾದುವು. ನಮ್ಮ ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಸೇರಿದುವು. ಕಚೇರಿಯ ಹೆಸರು ಬದಲಾಯಿಸಿತೆಂದು ಬಾಕಿ ಅಳಿಸಿಹೋಗುವುದಿಲ್ಲ. ಸಲ್ಲಬೇಕಾದ ಸ್ಥಳ ಮಾತ್ರ ಬದಲಾಗುತ್ತದೆ.

ಇಷ್ಟೆಲ್ಲ ನಿಘಂಟಿನಲ್ಲಿ ಸಿಕ್ಕುವ ವಿಷಯ. ನಿಘಂಟಿನಲ್ಲಿ ಸಿಕ್ಕದ ವಿಷಯವೆಂದರೆ, ಈ ಶಬ್ದ ನಮ್ಮ ಬಡಾವಣೆಗಳ ಕನ್ನಡಕ್ಕೆ ಬಂದಮೇಲೆ ಅದರ ಅರ್ಥ ಕುಗ್ಗಿದ ಬಗೆ. ವಿಜಯನಗರದ ಮಾರುಕಟ್ಟೆಯಲ್ಲಿಯಾಗಲಿ, ಬಸವೇಶ್ವರನಗರದ ಆಟೋ ನಿಲ್ದಾಣದಲ್ಲಿಯಾಗಲಿ ಸ್ವಲ್ಪ ಹೊತ್ತು ನಿಂತು ಕೇಳಿ. “ಗಾಡಿ ಡ್ಯೂ ಕಟ್ಟಬೇಕು”, “ಎರಡು ಡ್ಯೂ ನಿಂತಿದೆ”, “ಈ ತಿಂಗಳ ಡ್ಯೂ ಆಯಿತು” ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಇಲ್ಲಿ ಡ್ಯೂ ಎಂದರೆ ಸಾಲದ ಕಂತು. ಅದು ಯಾವಾಗಲೂ ನಾವು ಕಟ್ಟತಕ್ಕದ್ದು. ಎಂದಿಗೂ ನಮಗೆ ಬರತಕ್ಕದ್ದಲ್ಲ. “ನನಗೆ ಕಂಪನಿಯಿಂದ ಡ್ಯೂ ಇದೆ” ಎಂದು ಹೇಳುವವರನ್ನು ನಾನು ಇದುವರೆಗೆ ಕೇಳಿಲ್ಲ. ಇಂಗ್ಲೀಷಿನಲ್ಲಿ ಎರಡು ಮುಖವಿದ್ದ ಶಬ್ದಕ್ಕೆ ನಮ್ಮಲ್ಲಿ ಒಂದೇ ಮುಖ ಉಳಿಯಿತು. ಕೊಡುವುದೇ ಜೀವನದ ಅಭ್ಯಾಸವಾದ ಜನರ ಬಾಯಲ್ಲಿ ಶಬ್ದವೂ ಹಾಗೆಯೇ ಆಯಿತೆಂದು ತೋರುತ್ತದೆ.

ನನ್ನ ತಪ್ಪು ನಡೆದದ್ದು ಇಲ್ಲಿಯೇ. ನನ್ನ ತಾಯಿಯವರು ಮೈಸೂರು ರಸ್ತೆಯ ಬದಿಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಹೊಲಿಗೆಯ ಕೆಲಸ ಮಾಡಿ, 2021ರ ಜುಲೈ ತಿಂಗಳ ಕೊನೆಯಲ್ಲಿ ಬೆನ್ನುನೋವಿನಿಂದ ಕೆಲಸ ಬಿಟ್ಟರು. ಆಗ ಕಾರ್ಖಾನೆಯವರು ಒಂದು ಇಂಗ್ಲೀಷ್ ಕಾಗದವನ್ನು ಕೊಟ್ಟು ಸಹಿ ಮಾಡಿ ತರುವಂತೆ ಹೇಳಿದರು. ತಾಯಿಯವರು ಅದನ್ನು ನನ್ನ ಮುಂದಿಟ್ಟು, “ಇದರಲ್ಲಿ ಏನಿದೆ ನೋಡು” ಎಂದರು. ನಾನು ಆಗ ತಾನೆ ಪಿ.ಯು.ಸಿ.ಗೆ ಸೇರುವುದರಲ್ಲಿದ್ದೆ. ಇಂಗ್ಲೀಷಿನಲ್ಲಿ ಒಳ್ಳೆಯ ಅಂಕ ಬಂದಿದ್ದಿತು, ಅಹಂಕಾರಕ್ಕೇನೂ ಕೊರತೆಯಿರಲಿಲ್ಲ. ಕಾಗದದ ಮೇಲೆ ಕಣ್ಣಾಡಿಸಿದೆ. ‘ನೋ ಡ್ಯೂಸ್’ ಎಂಬ ಮಾತು ಕಂಡಿತು. “ಏನಿಲ್ಲಮ್ಮ, ನೀನು ಅವರಿಗೆ ಏನೂ ಕೊಡಬೇಕಾಗಿಲ್ಲ ಅಂತ ಬರೆದಿದ್ದಾರೆ. ಒಳ್ಳೆಯದೇ. ಸಹಿ ಹಾಕು” ಎಂದೆ. ಅವರು ಸಂತೋಷದಿಂದ ಸಹಿ ಹಾಕಿದರು.

ಎರಡು ತಿಂಗಳಾದ ಮೇಲೆ, ಅವರಿಗಿಂತ ಮೊದಲು ಕೆಲಸ ಬಿಟ್ಟಿದ್ದ ನಮ್ಮ ಬೀದಿಯ ಹೆಂಗಸೊಬ್ಬರಿಗೆ ಗ್ರಾಚ್ಯುಯಿಟಿ ಹಣ ಬಂದ ಸಮಾಚಾರ ತಿಳಿಯಿತು. ತಾಯಿಯವರು ವಿಚಾರಿಸಿದಾಗ, “ನೀವು ಬರೆದುಕೊಟ್ಟಾಗಿದೆಯಲ್ಲ” ಎಂಬ ಉತ್ತರ ಬಂದಿತು. ನಾನು ಕಾಗದದ ಪ್ರತಿಯನ್ನು ನಮ್ಮ ಇಂಗ್ಲೀಷ್ ಉಪನ್ಯಾಸಕರ ಬಳಿಗೆ ಒಯ್ದೆ. ಅವರು ಓದಿ, ಏನೂ ಮಾತನಾಡದೆ, ಒಂದು ಶಬ್ದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಅದು ‘ಫ್ರಂ’ ಎಂಬ ಶಬ್ದ. ‘ನೋ ಡ್ಯೂಸ್ ಫ್ರಂ ದಿ ಕಂಪನಿ’ ಎಂದು ಅಲ್ಲಿದ್ದಿತು. ಕಂಪನಿಯಿಂದ ನನಗೆ ಬರಬೇಕಾದದ್ದು ಏನೂ ಇಲ್ಲ ಎಂದು ತಾಯಿಯವರು ಬರೆದುಕೊಟ್ಟಿದ್ದರು, ನಾನು ಬರೆಸಿಕೊಟ್ಟಿದ್ದೆ. ನಾಲ್ಕು ಅಕ್ಷರದ ಒಂದು ಇಂಗ್ಲೀಷ್ ಅವ್ಯಯವನ್ನು ನಾನು ಓದದೆ ಬಿಟ್ಟಿದ್ದೆ.

ಆ ಒಂದು ಅವ್ಯಯದ ಬೆಲೆ ಎಷ್ಟು? ಲೆಕ್ಕ ಕಷ್ಟವಲ್ಲ. 1972ರ ಗ್ರಾಚ್ಯುಯಿಟಿ ಕಾಯಿದೆಯಂತೆ, ಸಾಮಾನ್ಯವಾಗಿ ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಹಣ ಸಲ್ಲಬೇಕು. ತಿಂಗಳಿಗೆ 26 ದಿನಗಳೆಂದು ಎಣಿಕೆ. ಮೂಲವೇತನವೂ ತುಟ್ಟಿಭತ್ಯವೂ ಸೇರಿ ಒಬ್ಬರಿಗೆ 10,400 ರೂಪಾಯಿ ಬರುತ್ತಿದ್ದಿತೆಂದು ಇಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 400. ಹದಿನೈದು ದಿನಕ್ಕೆ 6,000. ಒಂಬತ್ತು ವರ್ಷಕ್ಕೆ 54,000 ರೂಪಾಯಿ. ಹಣವನ್ನು ಮೂವತ್ತು ದಿನಗಳೊಳಗೆ ಕೊಡಬೇಕು. ತಡವಾದರೆ ಬಡ್ಡಿ ಸಲ್ಲಬೇಕು. 2025ರ ನವೆಂಬರಿನಿಂದ ಈ ಕಾಯಿದೆಯ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹದಿನೈದು ದಿನಗಳ ಲೆಕ್ಕ ಅದರಲ್ಲಿಯೂ ಉಳಿದಿದೆ.

ನಮ್ಮ ಅದೃಷ್ಟಕ್ಕೆ 1972ರ ಕಾಯಿದೆಯ 14ನೆಯ ವಿಧಿಯಲ್ಲಿ ಒಂದು ಆಸರೆ ಇದ್ದಿತು: ಕಾಯಿದೆಗೆ ವಿರುದ್ಧವಾಗಿ ಯಾವ ಒಪ್ಪಂದವಿದ್ದರೂ ಕಾಯಿದೆಯೇ ಮೇಲಾಗತಕ್ಕದ್ದು. ಉಪನ್ಯಾಸಕರ ಸಹಾಯದಿಂದ ನಾನು ಒಂದು ಅರ್ಜಿಯನ್ನು ಬರೆದೆ. ಈ ಸಲ ‘ಡ್ಯೂ ಟು ಮಿ ಫ್ರಂ ಯು’ ಎಂದು, ಎರಡು ದಿಕ್ಕುಗಳನ್ನೂ ಸ್ಪಷ್ಟವಾಗಿ ಕಾಣಿಸಿದೆ. ಉತ್ತರ ಬರಲಿಲ್ಲ. ಬಳಿಕ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ತಾಯಿಯವರು ನಾಲ್ಕು ಸಲ ಅಲೆದರು. ಎಂಟು ತಿಂಗಳಾದ ಮೇಲೆ ಅಸಲು ಬಂದಿತು. ಬಡ್ಡಿ ಬರಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿದ್ದಿತು.

ಇದು ನಮ್ಮೊಬ್ಬರ ಮನೆಯ ವಿಷಯವಲ್ಲವೆಂಬುದನ್ನು ಆಮೇಲೆ ತಿಳಿದೆ. 2020ರ ಏಪ್ರಿಲ್ 1ರಿಂದ ಕರ್ನಾಟಕದ ಉಡುಪು ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿಗಳಷ್ಟು ತುಟ್ಟಿಭತ್ಯ ಹೆಚ್ಚಬೇಕಾಗಿದ್ದಿತು. ಬಹುಪಾಲು ಕಾರ್ಖಾನೆಗಳು ಅದನ್ನು ಕೊಡಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಬಾಕಿಯೊಡನೆ ಕೊಡುವಂತೆ ಹೇಳಿದರೂ ಹಣ ಕೈಸೇರಲು ಬಹಳ ಕಾಲ ಹಿಡಿಯಿತು. ದೊಡ್ಡ ಕಾರ್ಖಾನೆಗಳು ಕೊಡಲು ಒಪ್ಪಿದ್ದು 2022ರಲ್ಲಿ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಸಲ್ಲಬೇಕಾಗಿದ್ದ ಹಣವದು. ನನ್ನ ತಾಯಿಯವರ ಪಾಲಿಗೆ ಹದಿನಾರು ತಿಂಗಳಿಗೆ 6,672 ರೂಪಾಯಿ. ಕೆಲಸ ಬಿಟ್ಟಿದ್ದ ಅವರಿಗೆ ಅದು ಬರಲಿಲ್ಲ. ಮೊದಲು ಡ್ಯೂಸ್ ಆಗಿದ್ದದ್ದು ಅರಿಯರ್ಸ್ ಆಗಿ ಇನ್ನೂ ಹಾಗೆಯೇ ಇದೆ. ಎರಡು ಶಬ್ದಗಳ ಭೇದವನ್ನು ನಾನು ಕಲಿತದ್ದು ಹೀಗೆ.

ಇದಕ್ಕೂ ಹಿಂದೆ, 2016ರ ಏಪ್ರಿಲ್ 18 ಮತ್ತು 19ರಂದು ನಡೆದ ಘಟನೆ ಅನೇಕರಿಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ವಯಸ್ಸಾಗುವವರೆಗೆ ತೆಗೆಯಬಾರದೆಂಬ ಕೇಂದ್ರ ಸರ್ಕಾರದ ಹೊಸ ನಿಯಮವನ್ನು ವಿರೋಧಿಸಿ, ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಹೊಸೂರು ರಸ್ತೆ ಮೊದಲಾದ ಕಡೆಗಳಲ್ಲಿ ಬೀದಿಗೆ ಬಂದರು. ಕಲ್ಲೆಸೆತ, ಬೆಂಕಿ, ಲಾಠಿ ಎಲ್ಲವೂ ಆಗಿ ನಗರ ಎರಡು ದಿನ ತತ್ತರಿಸಿತು. 19ರಂದೇ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂಸೆಯನ್ನು ಯಾರೂ ಹೊಗಳಲಾರರು. ಆದರೆ ಆ ಮಹಿಳೆಯರಿಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿದಿದ್ದಿತು: ಆ ಹಣ ಯಾರೂ ಕೊಡುವ ಭಿಕ್ಷೆಯಲ್ಲ, ತಮಗೆ ಸಲ್ಲತಕ್ಕದ್ದು. ‘ಡ್ಯೂ’ ಎಂಬ ಶಬ್ದವನ್ನು ಉಚ್ಚರಿಸದೆಯೇ ಅವರು ಅದರ ಅರ್ಥವನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಇಷ್ಟರಿಂದ ನಾವು ತಿಳಿಯಬೇಕಾದದ್ದೇನು? ‘ಡ್ಯೂ’ ಎಂಬುದು ತನ್ನಷ್ಟಕ್ಕೆ ದಿಕ್ಕಿಲ್ಲದ ಶಬ್ದ. ‘ಡ್ಯೂ ಫ್ರಂ’ ಎಂದರೆ ಅವರಿಂದ ಬರತಕ್ಕದ್ದು. ‘ಡ್ಯೂ ಟು’ ಎಂದರೆ ಅವರಿಗೆ ಹೋಗತಕ್ಕದ್ದು. ಅವ್ಯಯವಿಲ್ಲದ ಕಡೆ ಅರ್ಥ ಎರಡೂ ಕಡೆಗೆ ವಾಲಬಹುದು. ಕನ್ನಡದಲ್ಲಿ ಈ ಅಪಾಯ ಕಡಿಮೆ. ‘ಬರಬೇಕಾದ ಬಾಕಿ’, ‘ಕೊಡಬೇಕಾದ ಬಾಕಿ’ ಎಂದು ಹೇಳುವಾಗ ಕ್ರಿಯಾಪದವೇ ದಾರಿಯನ್ನು ತೋರಿಸುತ್ತದೆ. ಆದುದರಿಂದ ಇಂಥ ಕಾಗದಗಳು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ಕೇವಲ ಭಾಷಾಭಿಮಾನದ ಮಾತಲ್ಲ. ಹಣದ ಮಾತೂ ಹೌದು, ನ್ಯಾಯದ ಮಾತೂ ಹೌದು.

ಈ ಶಬ್ದ ಕಂಡಲ್ಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾನೀಗ ಮಾಡಿಕೊಂಡಿದ್ದೇನೆ: ಯಾರಿಂದ? ಯಾರಿಗೆ? ಎಂದಿಗೆ? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಸಿಕ್ಕುವವರೆಗೆ ಸಹಿ ಹಾಕಬಾರದು; ಇನ್ನೊಬ್ಬರಿಂದ ಹಾಕಿಸಲೂ ಬಾರದು. ನಮ್ಮ ಕಾಲೇಜಿಗೆ ಬರುವವರಲ್ಲಿ ಅನೇಕರು ಮನೆಯಲ್ಲಿ ಇಂಗ್ಲೀಷ್ ಓದಬಲ್ಲ ಮೊದಲನೆಯವರು. ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಚೀಟಿ, ಕಾರ್ಖಾನೆಯ ಕಾಗದ ಎಲ್ಲವೂ ನಮ್ಮ ಕೈಗೇ ಬರುತ್ತವೆ. ನಾವು ಹೇಳಿದ ಅರ್ಥವೇ ಆ ಮನೆಗೆ ಅಂತಿಮ ಅರ್ಥ. ತಿಳಿಯದಿದ್ದರೆ “ತಿಳಿಯದು, ಕೇಳಿ ಬರುತ್ತೇನೆ” ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ನಾನು ಅಂದು ಈ ಮಾತನ್ನು ಹೇಳಿದ್ದರೆ ಈ ಲೇಖನ ಬರೆಯುವ ಸಂದರ್ಭ ಬರುತ್ತಿರಲಿಲ್ಲ.

ಈ ವರ್ಷ ನಾನು ಪದವಿಯ ಕೊನೆಯ ತರಗತಿಯಲ್ಲಿದ್ದೇನೆ. ‘ನೋ ಡ್ಯೂಸ್’ ಚೀಟಿಯನ್ನು ಹಿಡಿದು ನಾನೂ ಬಾಗಿಲಿನಿಂದ ಬಾಗಿಲಿಗೆ ತಿರುಗುವೆನು. ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಾದ ಎರಡು ಪುಸ್ತಕಗಳಿವೆ. ಕಾಲೇಜಿನಿಂದ ನನಗೆ ಹಿಂದಕ್ಕೆ ಬರಬೇಕಾದ ಠೇವಣಿಯೂ ಇದೆ. ಎರಡನ್ನೂ ಲೆಕ್ಕ ಹಾಕಿಯೇ ಸಹಿ ಮಾಡುವೆನು. ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದ ಉಪನ್ಯಾಸಕರಿಗೆ ನನ್ನಿಂದ ಸಲ್ಲತಕ್ಕದ್ದು ಮಾತ್ರ ಯಾವ ಚೀಟಿಯಿಂದಲೂ ತೀರುವಂತಹುದಲ್ಲ. ಅದರ ಒಂದು ಕಂತನ್ನು ಈ ಲೇಖನದ ಮೂಲಕ ಕಟ್ಟಿದ್ದೇನೆ.